ಗಟ್ಟಿ ಮಾಡುವ ವಾರ

“ಯಾರ್ರೀ ಇದಕ್ಕೆ ನೀರು ಹಾಕಿದ್ದು?”

ತಾರಸಿಯ ಬಾಗಿಲಲ್ಲೇ ನಿಂತು ಅವಳು ಕೂಗಿದಳು. ಆ ಕೂಗಿಗೆ ನೀರಿನ ಟ್ಯಾಂಕಿನ ಮೇಲಿದ್ದ ಪಾರಿವಾಳಗಳು ಪಟಪಟನೆ ಹಾರಿಹೋದವು. ಬಟ್ಟೆ ಒಣಹಾಕುತ್ತಿದ್ದವನಿಗೆ ಮಾತ್ರ ಹಾರಿಹೋಗಲು ದಾರಿಯಿರಲಿಲ್ಲ. ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು, ಒದ್ದೆ ಅಂಗಿಯನ್ನು ಎದೆಗೆ ಹಿಡಿದುಕೊಂಡು ಹಾಗೇ ತಿರುಗಿದ.

“ಆನೇ...” ಎಂದ. ಆಮೇಲೆ ಕ್ಲಿಪ್ಪು ತೆಗೆದು, “ನಾನೇ. ಪಾಪ, ಬಾಡಿದ್ವು. ಅದಕ್ಕೇ ಒಂದು ಬಕೆಟ್...”

“ಬಕೆಟ್ಟಾ!”

ಅವಳು ಓಡಿಹೋಗಿ ಟ್ರೇಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಟೊಮೇಟೊ, ಬದನೆ, ಮೆಣಸಿನಕಾಯಿ ಸಸಿಗಳು. ಬೀಜದೆಲೆಗಳು ಅರಳಿ, ಅವುಗಳ ನಡುವೆ ಮೊದಲನೆಯ ನಿಜವಾದ ಎಲೆ ಈಗಷ್ಟೇ ತಲೆಯೆತ್ತುತ್ತಿದ್ದ ಮರಿಗಳು. ಈಗ ಎಲ್ಲವೂ ಒಂದೇ ದಿಕ್ಕಿಗೆ ಮಲಗಿದ್ದವು. ಮಣ್ಣು ಕೊಚ್ಚಿಕೊಂಡು ಹೋಗಿ ಟ್ರೇಯ ಮೂಲೆ ಸೇರಿತ್ತು. ಕೂದಲೆಳೆಯಂಥ ಬಿಳಿ ಬೇರುಗಳು ಬಿಸಿಲಿಗೆ ಬೆತ್ತಲಾಗಿದ್ದವು.

“ಇದು ನೀರು ಹಾಕೋದಲ್ಲ ಕಣ್ರೀ. ಸ್ನಾನ ಮಾಡ್ಸಿದೀರಿ ನೀವು!”

“ಸೋಪು ಹಾಕಿಲ್ಲ...” ಎಂದವನು, ಅವಳ ಕಣ್ಣು ನೋಡಿ ಅಲ್ಲಿಗೇ ಮಾತು ನುಂಗಿದ. ಕಣ್ಣು ತುಂಬಿತ್ತು.

ಅವಳು ಮೊಣಕೈಯಿಂದ ಮುಖ ಒರೆಸಿಕೊಂಡಳು. “ಇದು ಸಿಟ್ಟಿಗೆ ಬಂದಿದ್ದು. ಅಳು ಅಂತ ತಿಳ್ಕೋಬೇಡಿ.”

“ಇಲ್ಲ, ತಿಳ್ಕೊಂಡಿಲ್ಲ.” ಅಂಗಿಯನ್ನು ಹಗ್ಗಕ್ಕೆ ಎಸೆದು ಅವನೂ ಬಂದು ಕುಳಿತ. “ಈಗ ಏನು ಮಾಡಿದ್ರೆ ಇವು ಉಳೀತವೆ? ಅದನ್ನ ಹೇಳಿ.”

ಬೇರೆ ತಂದುಕೊಡ್ತೀನಿ ಬಿಡಿ ಎನ್ನಲಿಲ್ಲ. ಇಷ್ಟು ಚಿಕ್ಕ ವಿಷಯಕ್ಕೆ ಯಾಕಿಷ್ಟು ರಂಪ ಎಂದೂ ಕೇಳಲಿಲ್ಲ. ಅವಳ ಸಿಟ್ಟು ಅರ್ಧಕ್ಕೆ ಇಳಿದದ್ದು ಅಲ್ಲೇ. ಆದರೆ ಅದನ್ನು ತೋರಿಸಿಕೊಳ್ಳುವ ಪೈಕಿ ಅವಳಲ್ಲ!

ಜೇಬಿನಿಂದ ಮೇಣ ಕೆತ್ತುವ ಪುಟ್ಟ ಚಾಕೊಂದನ್ನು ತೆಗೆದು ಅವನ ಕೈಗಿಟ್ಟಳು. “ಒಂದೊಂದನ್ನೇ ಮೆಲ್ಲಗೆ ಎತ್ತಿ ನಿಲ್ಸಿ. ಕಾಂಡ ಮುಟ್ಟಬೇಡಿ, ಎಲೆ ಹಿಡೀರಿ. ಎಲೆ ಹರಿದ್ರೆ ಇನ್ನೊಂದು ಬರುತ್ತೆ. ಕಾಂಡ ಜಜ್ಜಿದ್ರೆ ಕತೆ ಮುಗೀತು.”

ಅವನ ಬೆರಳುಗಳು ನಡುಗಲಿಲ್ಲ. ಇಷ್ಟು ಸಣ್ಣದನ್ನು ಇಷ್ಟು ಹಗುರವಾಗಿ ಹಿಡಿಯುವ ಗಂಡಸಿನ ಕೈಯನ್ನು ಅವಳು ನೋಡಿದ್ದೇ ಕಡಿಮೆ.

“ಏನು ಕೆಲಸ ನಿಮ್ದು?” ಬೇಡವೆಂದರೂ ಬಾಯಿಗೆ ಬಂತು.

“ಕಿವಿ ಪರೀಕ್ಷೆ ಮಾಡ್ತೀನಿ. ಕೇಳಿಸದೇ ಇರೋರಿಗೆ ಮೆಷಿನ್ ಕೂರಿಸ್ತೀನಿ.”

“ಓ... ಮೇಲಿನ ಮನೆಗೆ ಬಂದಿರೋ ಕಿವಿ ಡಾಕ್ಟ್ರು ನೀವೇನಾ?”

“ಡಾಕ್ಟ್ರಲ್ಲ. ಬರೀ ಕಿವಿ. ನಿಮ್ದು?”

“ಹಲ್ಲು. ಲ್ಯಾಬಲ್ಲಿ ಹಲ್ಲಿನ ಸೆಟ್ ಮಾಡ್ತೀನಿ.”

“ಹಾಗಾದ್ರೆ ಊರೋರ ಮುಖಾನೆಲ್ಲ ನಾವಿಬ್ರೇ ಹಂಚ್ಕೊಂಡಿದೀವಿ ಅನ್ನಿ.”

ಅವಳಿಗೆ ನಗು ಬಂತು. ಬಂದ ನಗುವನ್ನು ಹಲ್ಲು ಕಚ್ಚಿ ತಡೆದಳು. ಟ್ರೇಯಲ್ಲಿ ಮುಕ್ಕಾಲು ಪಾಲು ಸಸಿಗಳು ಎದ್ದುನಿಂತಿದ್ದವು.

ಅಂದಿನಿಂದ ಅವಳಿಗೆ ಅವನು ‘ಕಿವಿಯವರು’. ಅವನಿಗೆ ಅವಳು ‘ಹಲ್ಲಿನವರು’.

*

ಸಸಿಗಳನ್ನು ಟ್ರೇಯಿಂದ ಕಾಗದದ ಲೋಟಗಳಿಗೆ ಬದಲಿಸಿದ ದಿನ ಅವನೂ ಇದ್ದ. ಎತ್ತಿ ನಿಲ್ಲಿಸಿದ್ದಕ್ಕೆ ಒಂದೆರಡು ಸಸಿ ಅವನ ಪಾಲಿಗೆ ಎಂದಾಗಿತ್ತು. ಅವಳ ಮನೆಯ ಹಾಲ್‌ನಲ್ಲಿ ಹಳೆಯ ಪೇಪರು ಹಾಸಿ ಇಬ್ಬರೂ ಕುಳಿತಿದ್ದರು. ಅಮ್ಮ ಕಾಲನ್ನು ಕೊಕ್ಕರೆಯ ಹಾಗೆ ಎತ್ತಿ ಎತ್ತಿ ಇಡುತ್ತ ಅಡುಗೆಮನೆಗೂ ಬಾಗಿಲಿಗೂ ಓಡಾಡಿದಳು.

“ಈ ಮನೇಲಿ ಮನುಷ್ಯರಿಗೆ ಕೂರೋಕೆ ಜಾಗ ಇಲ್ಲ, ಬದನೆಗೆ ಸೋಫಾ!”

“ಸೋಫಾ ಮೇಲೆ ಬರೀ ಮೆಣಸಿನಕಾಯಿ ಇರೋದಮ್ಮ. ಬದನೆ ಕುರ್ಚಿ ಮೇಲಿದೆ.”

“ಸಾಕು, ನಿನ್ನ ಬಾಯೊಂದು!” ಎಂದು ಗೊಣಗಿದರೂ ಅಮ್ಮ ಎರಡು ಲೋಟ ಟೀ ತಂದಿಟ್ಟು ಹೋದಳು. ಎರಡು ಲೋಟ! ಅವಳು ಗಮನಿಸಿದಳು. ಅವನೂ ಗಮನಿಸಿದ.

ಅವನಲ್ಲಿ ಅವಳಿಗೆ ಮೊದಲು ಹಿಡಿಸಿದ್ದು ಒಂದೇ ಗುಣ. ಅವಳು ಮಾತಾಡುವಾಗ ಮಧ್ಯೆ ಬಾಯಿ ಹಾಕುತ್ತಿರಲಿಲ್ಲ. ದಿನವಿಡೀ ಕೇಳಿಸದವರ ಎದುರು ಕುಳಿತು, ಅತಿ ಸಣ್ಣ ಸದ್ದು ಅವರಿಗೆ ಮುಟ್ಟುವವರೆಗೂ ಕಾಯುವ ಕೆಲಸವಲ್ಲವೇ ಅವನದು? ಆ ಕಾಯುವಿಕೆ ಮನೆಗೂ ಬರುತ್ತಿತ್ತು. ಅವಳ ಮನೆಯಲ್ಲಾದರೋ ಅವಳ ವಾಕ್ಯವನ್ನು ಮುಗಿಸುತ್ತಿದ್ದವನು ಯಾವಾಗಲೂ ಅಣ್ಣ.

ಒಂದು ವಿಷಯವನ್ನು ಮಾತ್ರ ಅವಳು ಅವನಿಗೆ ಹೇಳಿರಲಿಲ್ಲ.

ಹಿಂದೊಮ್ಮೆ ಅವಳ ಮದುವೆ ನಿಶ್ಚಯವಾಗಿತ್ತು. ಎಲ್ಲ ಮುಗಿದ ಮೇಲೆ ಹುಡುಗ, “ಇನ್ಮೇಲೆ ಕಂಡಕಂಡೋರ ಹಲ್ಲಿಗೆ ಕೈ ಹಾಕೋದು ಬೇಡ” ಎಂದಿದ್ದ. ಅವಳು ಅವನನ್ನೇ ಬೇಡ ಎಂದಿದ್ದಳು. ಅಷ್ಟೇ ನಡೆದದ್ದು. ಆದರೆ ನೆಂಟರ ಬಾಯಲ್ಲಿ ಅದು ‘ಹುಡುಗನೇ ಬಿಟ್ಟ’ ಎಂದಾಯಿತು. ಬಿಟ್ಟವಳು ಅವಳು ಎಂದು ನಂಬುವುದಕ್ಕಿಂತ ಅದು ಅವರಿಗೆ ಸುಲಭವಿತ್ತು. ಅಣ್ಣನಂತೂ ಇವತ್ತಿಗೂ ಆ ಮಾತೆತ್ತಿದರೆ ಮುಖ ಊದಿಸಿಕೊಳ್ಳುತ್ತಾನೆ.

‘ಹೇಳ್ಬೇಕು... ಇವರಿಗೆ ಹೇಳಲೇಬೇಕು. ಇವರು ಬೇರೆಯವರ ಬಾಯಿಂದ ಕೇಳಬಾರದು.’

ಕೊನೆಗೆ ಒಂದು ದಿನ ಗೊತ್ತುಮಾಡಿಕೊಂಡಳು. ಬರುವ ಭಾನುವಾರ. ಲೋಟಗಳಿಂದ ದೊಡ್ಡ ಕುಂಡಗಳಿಗೆ ಸಸಿಗಳನ್ನು ಬದಲಿಸುವ ದಿನ, ಅವನೂ ಬರುತ್ತೇನೆಂದಿದ್ದ. ಕೈ ಮಣ್ಣಲ್ಲಿದ್ದಾಗ ಕಣ್ಣು ನೋಡದೆ ಮಾತಾಡಬಹುದು. ಅದು ಅವಳ ಲೆಕ್ಕ.

ಆ ಲೆಕ್ಕ ತಪ್ಪಿಸಲೆಂದೇ ಬಂದವನ ಹಾಗೆ ಅಣ್ಣ ಬಂದ.

*

“ಪುಟ್ಟೀ, ಈ ಭಾನುವಾರ ಅವರು ಬರ್ತಾರೆ,” ಎಂದ, ಚಪ್ಪಲಿ ಬಿಡುತ್ತಲೇ. ಅವಳಿಗೆ ಮೂವತ್ತಮೂರು ತುಂಬಿದ್ದರೂ ಅವನಿಗೆ ಅವಳು ಪುಟ್ಟಿಯೇ.

“ಯಾರು?”

“ಫರ್ನಿಚರ್ ಅಂಗಡಿಯವರು. ಮೂರಂತಸ್ತಿನ ಮನೆ! ಅವರ ಅಕ್ಕಾನೂ ಬರ್ತಾರೆ, ಮಾತಾಡಿ ಮುಗಿಸೋಕೆ.”

“ಬರ್ಲಿ. ಟೀ ಕೊಡ್ತೀನಿ. ನನ್ನನ್ನ ಕೊಡಲ್ಲ.”

“ನಿನ್ನ ವಯಸ್ಸಿಗೆ ಇಂಥ ದೊಡ್ಡ ಮನೆ...”

“ಕುರ್ಚಿ ಮೇಜು ಮಾರೋರಿಗೆ ಇಡೋಕೆ ಜಾಗ ಬೇಕಲ್ಲ, ಅದಕ್ಕೆ ದೊಡ್ಡ ಮನೆ. ನಾನು ಮೇಜಲ್ಲ ಅಣ್ಣಾ.”

“ನೋಡಮ್ಮಾ ಇವಳ ಮಾತು!”

ಅಮ್ಮ ಇಬ್ಬರ ಮುಖವನ್ನೂ ನೋಡಿ, ಒಗೆದ ಟವೆಲ್ಲನ್ನೇ ಮತ್ತೊಮ್ಮೆ ಮಡಿಸತೊಡಗಿದಳು. ಜಗಳ ಬಂದಾಗ ಅಮ್ಮ ಯಾವಾಗಲೂ ಏನನ್ನಾದರೂ ಮಡಿಸುತ್ತಾಳೆ.

ಅಣ್ಣ ದುಡುದುಡು ಇಳಿದು ಹೋದ. ಅವಳು ಬಾಲ್ಕನಿಯಿಂದ ಬಗ್ಗಿ ನೋಡಿದಳು. ಗೇಟಿನ ಬಳಿ ಕಿವಿಯವರು ಕೆಲಸದಿಂದ ಬರುತ್ತಿದ್ದರು. ಅಣ್ಣ ಅವರನ್ನು ನಿಲ್ಲಿಸಿ, ಹೆಗಲ ಮೇಲೆ ಕೈಯಿಟ್ಟು, ಬಹಳ ಹೊತ್ತು ಏನೋ ಹೇಳಿದ. ಅವರು ತಲೆತಗ್ಗಿಸಿ ಕೇಳಿದರು.

ಅವಳು ಕಂಬಿಯ ಮೇಲೆ ಇನ್ನಷ್ಟು ಬಗ್ಗಿದಳು. ‘ಹೇಳಿಬಿಟ್ನಾ? ಹಳೇದನ್ನೆಲ್ಲ ಹೇಳಿಬಿಟ್ನಾ?’

ಅಣ್ಣ ಹೇಳಿದ್ದು ಅದನ್ನಲ್ಲ. “ಭಾನುವಾರ ತಂಗಿಯ ಮಾತುಕತೆ ಇದೆ, ದೊಡ್ಡ ಮನೆ ಸಂಬಂಧ, ನೀವು ಬಂದುಹೋಗೋದು ಸ್ವಲ್ಪ ಕಡಿಮೆ ಮಾಡಿದ್ರೆ ಒಳ್ಳೇದು” ಎಂದಿದ್ದ. ಆದರೆ ಎರಡನೇ ಮಹಡಿಯ ಬಾಲ್ಕನಿಗೆ ಅದು ಕೇಳಿಸುವುದೆಂತು?

ಕಿವಿಯವನಿಗೆ ನಂಬಿಕೆ ಬರಲಿಲ್ಲ. ಅವಳನ್ನೇ ಕೇಳಿಬಿಡೋಣ ಎಂದು ಮರುದಿನ ಬೆಳಿಗ್ಗೆ ಮೆಟ್ಟಿಲಿಳಿದು ಬಂದ. ಅವಳು ಆಗಲೇ ಸಸಿಗಳ ಟ್ರೇ ಹೊತ್ತು ತಾರಸಿಗೆ ಹತ್ತುತ್ತಿದ್ದಳು. ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡಿದ್ದಳು. ಆ ಕಡೆ ಲ್ಯಾಬ್ ಅಕ್ಕ, ಅಂದರೆ ಅವಳು ಕೆಲಸ ಮಾಡುವ ಲ್ಯಾಬಿನ ಒಡತಿ. ಅದೇ ಬೀಜದಲ್ಲಿ ಅರ್ಧ ಪಾಲನ್ನು ಅಕ್ಕನೂ ಹಾಕಿದ್ದಳು.

ಆ ಇಬ್ಬರದೂ ಒಂದು ಭಾಷೆಯಿತ್ತು. ಲ್ಯಾಬಿನಲ್ಲಿ ಪ್ಲಾಸ್ಟರ್ ಹಿಡಿದುಕೊಳ್ಳುವವರೆಗೂ ಕಾಯುವುದು ‘ಗಟ್ಟಿ ಮಾಡೋದು’. ಮನೆಯೊಳಗೆ ಮೆತ್ತಗೆ ಬೆಳೆದ ಸಸಿಗಳನ್ನು ದಿನಕ್ಕಿಷ್ಟು ಎಂದು ಬಿಸಿಲಿಗೆ, ಗಾಳಿಗೆ ಒಡ್ಡಿ ಪಳಗಿಸುವುದೂ ‘ಗಟ್ಟಿ ಮಾಡೋದು’. ಚಿಕ್ಕ ಲೋಟ ‘ಇಕ್ಕಟ್ಟು’. ದೊಡ್ಡ ಕುಂಡ ‘ದೊಡ್ಡ ಮನೆ’. ಕಿವಿಯವರ ಎದುರು ಅವಳು ಈ ಭಾಷೆ ಆಡಿರಲಿಲ್ಲ. ಮಕ್ಕಳಾಟ ಎಂದುಕೊಂಡಾರು ಎಂಬ ನಾಚಿಕೆ.

“ಇಲ್ಲಾ ಅಕ್ಕಾ, ಇನ್ನು ತಡ ಮಾಡಲ್ಲ. ಈ ವಾರ ಗಟ್ಟಿ ಮಾಡ್ಬಿಡ್ತೀನಿ!”

ಮೇಲಿನ ತಿರುವಿನಲ್ಲಿ ಬರುತ್ತಿದ್ದವನ ಕಾಲು ನಿಂತಿತು.

“ಹೂಂ, ಭಾನುವಾರಾನೇ. ಎಷ್ಟು ದಿನಾಂತ ಈ ಇಕ್ಕಟ್ಟಲ್ಲೇ ಇರೋದು? ದೊಡ್ಡ ಮನೆಗೆ ಹೋದ್ರೇನೇ ಒಂದು ದಾರಿ.”

“...”

“ಮೊದಮೊದ್ಲು ಬಾಡೋದು ಇದ್ದಿದ್ದೇ ಬಿಡಿ. ಆಮೇಲೆ ಎಲ್ಲಾ ಹೊಂದ್ಕೊಳ್ಳುತ್ತೆ.”

“...”

“ಮೇಲಿನ ಮನೆಯವರಿಗಾ? ಗಟ್ಟಿ ಮಾಡೋ ವಿಷಯ ಇನ್ನೂ ಹೇಳಿಲ್ಲ. ಭಾನುವಾರ ಬಂದಾಗ ಅವರೇ ನೋಡ್ತಾರಲ್ಲ!” ಎಂದು ನಕ್ಕಳು.

ಅವನು ಸದ್ದಾಗದಂತೆ ಹಿಂದಕ್ಕೆ ಮೆಟ್ಟಿಲು ಹತ್ತಿದ. ಕಿವಿಯನ್ನೇ ನಂಬಿ ಬದುಕುವ ಮನುಷ್ಯ ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದ. ಅರ್ಥವನ್ನು ಮಾತ್ರ ಪೂರ್ತಿ ತಪ್ಪಾಗಿ.

*

“ಭಾನುವಾರ ನೆನಪಿದೆ ತಾನೆ?” ಎರಡು ದಿನ ಕಾಣದವನನ್ನು ಅವಳೇ ಮೆಟ್ಟಿಲ ಬಳಿ ತಡೆದು ಕೇಳಿದಳು.

“ಗೊತ್ತು. ಒಳ್ಳೇದಾಗ್ಲಿ.”

“ಒಳ್ಳೇದಾಗ್ಲಿ ಅಂದ್ರೆ? ನೀವು ಬರಲ್ವಾ?”

“ನಾನ್ಯಾಕೆ ಮಧ್ಯೆ?”

ಅವನ ದನಿಯಲ್ಲಿ ಜೀವವಿರಲಿಲ್ಲ. ಅವಳಿಗೆ ಗೇಟಿನ ಬಳಿ ಕಂಡ ದೃಶ್ಯ ನೆನಪಾಯಿತು.

“ಅಣ್ಣ ನಿಮಗೇನಾದ್ರೂ ಹೇಳಿದ್ನಾ?”

“ಹೇಳಿದ್ರು.”

“ಅದನ್ನ ಕೇಳಿ... ನಿಮಗೇನು ಅನ್ನಿಸ್ತು?”

“ನನಗೇನು ಅನ್ನಿಸ್ಬೇಕು? ನಿಮ್ಮ ಜೀವನ, ನಿಮ್ಮಿಷ್ಟ.” ಅವನು ಗೋಡೆಯನ್ನು ನೋಡುತ್ತ ಹೇಳಿದ. “ನನ್ನನ್ನೂ ಬೇರೆ ಊರಿನ ಬ್ರಾಂಚಿಗೆ ಕರೀತಿದಾರೆ. ಹೋಗ್ತೀನಿ ಅಂದಿದೀನಿ.”

ಒಂದು ಕ್ಷಣ ಅವಳಿಗೆ ಮೆಟ್ಟಿಲೇ ಕೆಳಗಿಳಿದಂತಾಯಿತು. ಕಂಬಿ ಹಿಡಿದುಕೊಂಡಳು. ಆಮೇಲೆ ಕತ್ತು ನೆಟ್ಟಗೆ ಮಾಡಿದಳು.

“ಹೋಗಿ. ಧಾರಾಳವಾಗಿ ಹೋಗಿ!”

ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ‘ಇವರೂ ಅಷ್ಟೇನಾ? ನಾನೊಬ್ಬನನ್ನ ಬೇಡ ಅಂದಿದ್ದೆ ಅಂತ ಗೊತ್ತಾಗಿದ್ದೇ ತಡ, ಗಂಟುಮೂಟೆ ಕಟ್ಟಿದ್ರಾ? ನನ್ನ ಬಾಯಿಂದ ಒಂದು ಮಾತೂ ಕೇಳಲಿಲ್ಲವಲ್ಲ... ಕೇಳೋದೇ ಕೆಲಸ ಅಲ್ವಾ ಇವರದು?’

ಅಳಲಿಲ್ಲ. ಅಳು ಬಂದಾಗೆಲ್ಲ ಟ್ರೇ ಎತ್ತಿಕೊಂಡು ತಾರಸಿಗೆ ಹೋದಳು. ಅವನ ಬಾಗಿಲ ಮುಂದೆಯೇ, ಚಪ್ಪಲಿ ಟಪಟಪ ಬಡಿಯುತ್ತ. ಬಿಸಿಲಿಗೆ ಸಸಿಗಳ ಕಾಂಡ ಬಲಿತು, ಎಲೆ ಗಾಢವಾಯಿತು.

*

ಭಾನುವಾರ ಬೆಳಿಗ್ಗೆ ಅವಳು ಹಾಲ್‌ನ ತುಂಬ ಪೇಪರು ಹಾಸಿ, ಮಣ್ಣಿನ ಚೀಲ ಎಳೆದು ತಂದು ನಡುವೆ ಸುರಿದಳು.

ಅಮ್ಮನ ಕೈಯಲ್ಲಿದ್ದ ತಿಂಡಿಯ ಟ್ರೇ ಬೀಳುವುದರಲ್ಲಿತ್ತು. “ಇವತ್ತಾ? ಇವತ್ತೇ ಬೇಕಿತ್ತಾ ನಿನಗೆ? ಅವರು ಬರೋ ಹೊತ್ತಾಯ್ತು!”

“ಲೋಟದ ತೂತಿಂದ ಬೇರು ಹೊರಗೆ ಬಂದಿದೆ ಅಮ್ಮ. ಇವತ್ತು ಯಾರು ಬರ್ತಾರೆ ಅಂತ ಅದಕ್ಕೆ ಗೊತ್ತಿಲ್ಲ.”

“ನಿನಗೆ ಗೊತ್ತಲ್ಲ!”

“ಗೊತ್ತಿದ್ದೇ ಮಾಡ್ತಿರೋದು.”

ಮೊದಲ ಲೋಟವನ್ನು ಬೋರಲು ಹಾಕಿ, ಬೆರಳುಗಳ ನಡುವೆ ಸಸಿಯನ್ನು ಹಿಡಿದು ಮೆಲ್ಲಗೆ ತಟ್ಟಿದಳು. ಲೋಟದ ಆಕಾರದಲ್ಲೇ ಮಣ್ಣು ಹೊರಬಂತು. ಸುತ್ತ ಬಿಳಿ ಬೇರುಗಳು ಒಂದರ ಮೇಲೊಂದು ಸುತ್ತಿಕೊಂಡಿದ್ದವು. ಜಾಗ ಸಿಗದ ಬೇರು ಗೋಡೆ ಹಿಡಿದು ತಿರುಗುತ್ತದೆ, ತಿರುಗಿ ತಿರುಗಿ ತನ್ನನ್ನೇ ಬಿಗಿದುಕೊಳ್ಳುತ್ತದೆ. ಬಿಡಿಸದೆ ಹಾಗೇ ಇಳಿಸಿದರೆ ದೊಡ್ಡ ಕುಂಡದಲ್ಲೂ ಅದಕ್ಕೆ ಹಳೆಯ ಸುತ್ತೇ ದಾರಿ. ಅವಳು ಉಗುರಿನ ತುದಿಯಿಂದ ಒಂದೊಂದೇ ಎಳೆಯನ್ನು ಸಡಿಲಿಸಿದಳು. ಒಂದೆರಡು ಹರಿದವು. ಹರಿಯಲಿ. ಹರಿದ ಕಡೆ ಹೊಸದು ಕವಲೊಡೆಯುತ್ತದೆ.

ಅಷ್ಟರಲ್ಲಿ ಅಣ್ಣನ ದನಿ. “ಬನ್ನಿ ಬನ್ನಿ, ಇದೇ ಮನೆ...”

ಬಾಗಿಲಲ್ಲಿ ಅಣ್ಣ ಕಂಬವಾದ. ಹಿಂದೆ ಫರ್ನಿಚರ್ ಅಂಗಡಿಯ ಯಜಮಾನ, ಅವನ ಹಿಂದೆ ಅವನ ಅಕ್ಕ.

“ಪುಟ್ಟೀ! ಏನಿದು? ಎದ್ದೇಳು!”

“ಕೈ ಬಿಡುವಿಲ್ಲ ಅಣ್ಣಾ. ಬನ್ನಿ, ಕೂತ್ಕೊಳ್ಳಿ. ಆ ಕುರ್ಚೀಲಿ ಬದನೆ ಇದೆ, ಈ ಕಡೆ ಬನ್ನಿ.”

ಯಜಮಾನ ಮಡಿಕೆ ಕೆಡದ ಪ್ಯಾಂಟನ್ನು ಎತ್ತಿ ಹಿಡಿದು ಸೋಫಾದ ಅಂಚಿಗೆ ಕುಳಿತ. ಕುಳಿತವನೇ ಅಭ್ಯಾಸಬಲದಿಂದ ಸೋಫಾದ ಕೈ ಅಲ್ಲಾಡಿಸಿ ನೋಡಿ, “ಮರ ಅಷ್ಟಕ್ಕಷ್ಟೆ,” ಎಂದ. ಆಮೇಲೆ ಅವಳ ಕಡೆ ತಿರುಗಿ, “ಕೆಲಸಕ್ಕೂ ಹೋಗ್ತೀರಂತೆ? ನಮ್ಮನೇಲಿ ಅದರ ಅಗತ್ಯ ಬೀಳಲ್ಲ ಬಿಡಿ. ಮೂರಂತಸ್ತು. ಮೇಲಿಂದ ಧೂಳು ಹೊಡ್ಕೊಂಡು ಕೆಳಗೆ ಬರೋ ಹೊತ್ತಿಗೆ ಮೇಲೆ ಮತ್ತೆ ಧೂಳು!” ಎಂದು ತಾನೇ ನಕ್ಕ.

ಅವಳು ನಗಲಿಲ್ಲ. ಅವನ ಅಕ್ಕನ ಬಾಯನ್ನೇ ನೋಡುತ್ತಿದ್ದಳು. “ಅಮ್ಮಾ, ನಿಮ್ಮ ಕೆಳಗಿನ ಸೆಟ್ ಸಡಿಲ ಇದೆ ಅಲ್ವಾ? ಮಾತಾಡುವಾಗ ಏಳ್ತಿದೆ.”

“ಅಯ್ಯೋ, ನಿನಗೆ ಹೇಗೆ ಗೊತ್ತಾಯ್ತೇ ತಾಯಿ?” ಆಕೆ ಕೆನ್ನೆಗೆ ಕೈಯಿಟ್ಟಳು. “ಊಟ ಮಾಡೋದೇ ಬಿಟ್ಟಿದೀನಿ! ಇವನಿಗೆ ಹೇಳಿದ್ರೆ ಮೊಳೆ ಹೊಡೀಲಾ ಅಂತಾನೆ!”

ಆಗಲೇ ಬಾಗಿಲಲ್ಲಿ ಇನ್ನೊಂದು ನೆರಳು.

ಅವನು. ಎರಡೂ ಕಂಕುಳಲ್ಲಿ ಎರಡು ದೊಡ್ಡ ಕುಂಡ. ತನ್ನ ಪಾಲಿನ ಸಸಿಗಳಿಗೆಂದು ಕೊಂಡು ತಂದಿದ್ದವು. ಒಳಗಿನ ಜನರನ್ನು ನೋಡಿ ಮುಖ ಬಿಳುಚಿತು.

“ಕ್ಷಮಿಸಿ... ಊರು ಬಿಡ್ತಿದೀನಲ್ಲ, ಈ ಪಾಟ್ ನಿಮಗೇ ಇರ್ಲಿ ಅಂತ... ಇಲ್ಲಿಟ್ಟು ಹೋಗ್ತೀನಿ.”

“ನಿಲ್ಲಿ!”

ಅವಳು ಎದ್ದು ನಿಂತಳು. ಮೊಣಕೈವರೆಗೂ ಮಣ್ಣು. ಕೆನ್ನೆಯ ಮೇಲೊಂದು ಗೆರೆ. ದನಿ ಅಲುಗಲಿಲ್ಲ.

“ಹೋಗೋ ಮುಂಚೆ ಕೇಳ್ಕೊಂಡು ಹೋಗಿ. ಅಣ್ಣ ಹೇಳಿದ್ದು ನಿಜ. ನನ್ನ ಮದುವೆ ನಿಶ್ಚಯ ಆಗಿತ್ತು. ಕೆಲಸ ಬಿಡು ಅಂದ, ನಾನು ಅವನನ್ನೇ ಬಿಟ್ಟೆ. ಇವತ್ತೂ ಅದೇ ಮಾಡ್ತೀನಿ. ಅದಕ್ಕೆ ನನಗೆ ಒಂಚೂರೂ ನಾಚಿಕೆ ಇಲ್ಲ! ಅದನ್ನ ಕೇಳಿ ಹೆದರ್ಕೊಂಡು ಓಡೋರಾದ್ರೆ ಓಡಿ. ಆದ್ರೆ ಬಾಯ್ಬಿಟ್ಟು ಹೇಳಿ ಓಡಿ!”

ಹಾಲ್‌ನಲ್ಲಿ ಎಲ್ಲರ ತಲೆಯೂ ಅವಳ ಕಡೆ ತಿರುಗಿತು.

“ಯಾವ ನಿಶ್ಚಯ?” ಎಂದ ಕಿವಿಯವನು.

“ಯಾವ ನಿಶ್ಚಯ?” ಎಂದ ಯಜಮಾನ, ಇನ್ನೂ ಜೋರಾಗಿ.

ಅಣ್ಣ ಹಣೆ ಚಚ್ಚಿಕೊಂಡ. “ಪುಟ್ಟೀ... ನಾನು ಅದನ್ನ ಯಾರಿಗೂ ಹೇಳೇ ಇರ್ಲಿಲ್ಲ ಕಣೇ!”

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. “ಮತ್ತೆ... ಅಣ್ಣ ನಿಮಗೆ ಹೇಳಿದ್ದೇನು?”

“ಈ ಸಂಬಂಧದ ವಿಷಯ. ನಾನು ನಂಬಿರ್ಲಿಲ್ಲ,” ಎಂದ ಅವನು. ಕುಂಡಗಳನ್ನು ಇನ್ನೂ ತಬ್ಬಿಕೊಂಡೇ ಇದ್ದ. “ನಿಮ್ಮ ಬಾಯಿಂದಲೇ ಕೇಳಿದ ಮೇಲೆ ನಂಬಿದೆ. ಮೆಟ್ಟಿಲ ಮೇಲೆ ಫೋನಲ್ಲಿ ಹೇಳ್ತಿದ್ರಿ. ಈ ವಾರ ಗಟ್ಟಿ ಮಾಡ್ಬಿಡ್ತೀನಿ ಅಂತ. ಭಾನುವಾರ ದೊಡ್ಡ ಮನೆಗೆ ಅಂತ. ಮೇಲಿನ ಮನೆಯವರು ಬಂದು ನೋಡ್ತಾರಲ್ಲ ಅಂತ... ನಗ್ತಾ ಇದ್ರಿ.”

ಅವಳು ಅವನನ್ನು ನೋಡಿದಳು. ಕಾಲ ಬಳಿಯ ಸಾಲು ಸಾಲು ಕುಂಡಗಳನ್ನು ನೋಡಿದಳು. ಹೊಟ್ಟೆಯ ಆಳದಿಂದ ಏನೋ ಉಕ್ಕಿಬಂತು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ.

“ಅಯ್ಯೋ ರಾಮ... ಅದು ಇವನ್ನ ಕಣ್ರೀ! ಟೊಮೇಟೊನ! ಬದನೇನ! ಬಿಸಿಲಿಗಿಟ್ಟು ಪಳಗಿಸೋದಕ್ಕೆ ನಾವು ಗಟ್ಟಿ ಮಾಡೋದು ಅಂತೀವಿ. ದೊಡ್ಡ ಮನೆ ಅಂದ್ರೆ ಇದು!” ಎಂದು ಮಣ್ಣುಗೈಯಲ್ಲಿ ಅವನ ಕಂಕುಳಲ್ಲಿದ್ದ ಕುಂಡವನ್ನೇ ಬಡಿದಳು.

ಮೊದಲು ನಕ್ಕದ್ದು ಯಜಮಾನನ ಅಕ್ಕ. ಹಲ್ಲಿನ ಸೆಟ್ಟು ಜಾರದಂತೆ ಸೆರಗು ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. “ಬದನೆಕಾಯಿಗೆ ಸಂಬಂಧ ಗಟ್ಟಿ ಮಾಡಿದ್ಲು ಅಂತ ಈ ಹುಡುಗ ಊರು ಬಿಡ್ತಿದಾನಲ್ಲೋ!”

“ನಿಮ್ಮ ಕಿವಿ ಸರಿಯಿದೆ,” ಎಂದಳು ಅವಳು ಅವನಿಗೆ. “ತಲೆ ಪರೀಕ್ಷೆ ಮಾಡಿಸ್ಕೊಳ್ಳಿ.”

ಅವನು ಕುಂಡಗಳನ್ನು ಮೆಲ್ಲಗೆ ಕೆಳಗಿಟ್ಟ. “ಹಾಗಾದ್ರೆ... ನಾನು... ನಿಮ್ಮನ್ನ...” ದನಿ ಗಂಟಲಲ್ಲೇ ಉಳಿಯಿತು.

“ಗಟ್ಟಿಯಾಗಿ ಹೇಳಿ! ಈ ಮನೇಲಿ ನನ್ನ ವಿಷಯ ಎಲ್ಲಾ ಪಿಸುಪಿಸು ಅಂತಲೇ ನಡೆದಿದ್ದು. ಸಾಕಾಗಿದೆ ನನಗೆ.”

ಅವನು ಉಸಿರೆಳೆದುಕೊಂಡ. “ನನಗೆ ನೀವು ಬೇಕು!”

ಎಷ್ಟು ಜೋರಾಗಿ ಹೇಳಿದನೆಂದರೆ ಪಕ್ಕದ ಮನೆಯ ಮಿಕ್ಸಿ ತಟ್ಟನೆ ನಿಂತಿತು.

ಅವಳ ಕಣ್ಣು ತುಂಬಿತು. ಈ ಸಲ ಒರೆಸಿಕೊಳ್ಳಲಿಲ್ಲ. “ನನಗೂ ನೀವೇ ಬೇಕು. ಆದ್ರೆ ನಾನು ಕೆಲಸ ಬಿಡಲ್ಲ, ಈಗಲೇ ಹೇಳಿದೀನಿ.”

“ಬಿಡಿ ಅಂದೋರ್ಯಾರು? ನೀವು ಬಿಟ್ರೆ ಊರೋರು ಅಗಿಯೋದು ಹೇಗೆ?”

“ಏನು ನಡೀತಿದೆ ಇಲ್ಲಿ!” ಅಣ್ಣ ಗುಡುಗಿದ. “ಮರ್ಯಾದೆ ಅನ್ನೋದೇನಾದ್ರೂ ಇದ್ಯಾ ಈ ಮನೇಲಿ? ಇವಳು ಹೀಗೇ ಆಡ್ತಿದ್ರೆ ನಾನು ಇನ್ನು ಈ ಹೊಸ್ತಿಲು ತುಳಿಯಲ್ಲ!”

“ತುಳೀಬೇಡ ಅಂತ ನಾನು ಹೇಳಲ್ಲ ಅಣ್ಣಾ,” ಎಂದಳು ಅವಳು. “ಬಾ. ಆದ್ರೆ ಇನ್ಮೇಲೆ ನನ್ನ ಪರವಾಗಿ ಯಾರಿಗೂ ಮಾತು ಕೊಟ್ಟು ಬರಬೇಡ.”

ಅಣ್ಣ ಅಮ್ಮನ ಕಡೆ ತಿರುಗಿದ. ಅಮ್ಮನ ಕೈಯಲ್ಲಿ ಮಡಿಸಲು ಏನೂ ಇರಲಿಲ್ಲ. ಖಾಲಿ ಕೈಯನ್ನೇ ಒಮ್ಮೆ ನೋಡಿಕೊಂಡಳು.

“ಆವತ್ತು ಇವಳು ಬೇಡ ಅಂದಾಗ ನಾನು ಬಾಯಿ ಮುಚ್ಕೊಂಡಿದ್ದೆ,” ಎಂದಳು ನಿಧಾನವಾಗಿ. “ಜನ ಏನೇನೋ ಅಂದ್ರು. ಆಗಲೂ ಮುಚ್ಕೊಂಡಿದ್ದೆ. ಇವತ್ತು ಆಗಲ್ಲಪ್ಪ. ನೀನು ಇವರನ್ನ ಗೇಟಿನ ತನಕ ಬಿಟ್ಟು ಬಾ.”

ಅವಳು ಅಮ್ಮನನ್ನು ನೋಡಿದಳು. ಅಮ್ಮ ಹೀಗೆ ನಿಂತದ್ದನ್ನು ಅವಳು ಇದುವರೆಗೆ ಕಂಡಿರಲಿಲ್ಲ.

ಅಣ್ಣ ಚಪ್ಪಲಿ ಮೆಟ್ಟಿ ಹೊರನಡೆದ. ಮತ್ತೆ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಎರಡನೇ ಸಲ ಹೇಳಲಿಲ್ಲ. ಯಜಮಾನ ಹಿಂಬಾಲಿಸಿದ. ಅವನ ಅಕ್ಕ ಬಾಗಿಲಲ್ಲಿ ನಿಂತು, “ಗಟ್ಟಿಗಿತ್ತಿ ಕಣೇ ನೀನು. ನಿನ್ನ ಲ್ಯಾಬ್ ಎಲ್ಲಿದೆ? ಈ ಸೆಟ್ ತಗೊಂಡು ನಾಳೆನೇ ಬರ್ತೀನಿ,” ಎಂದು ದಾರಿ ಕೇಳಿಕೊಂಡೇ ಹೋದಳು.

*

ಅಮ್ಮ ಅಡುಗೆಮನೆ ಸೇರಿದಳು. ಹಾಲ್‌ನಲ್ಲಿ ಇಬ್ಬರೇ ಉಳಿದರು. ಅರ್ಧ ತುಂಬಿದ ಕುಂಡಗಳ ನಡುವೆ ಅವನು ಎದುರಿಗೆ ಬಂದು ಕುಳಿತ. ತೋಳು ಮಡಿಸಿದ.

“ಬ್ರಾಂಚಿಗೆ ಬರ್ತೀನಿ ಅಂತ ಒಪ್ಕೊಂಡಿದೀರಲ್ಲ?” ಅವಳು ತಲೆಯೆತ್ತದೆ ಕೇಳಿದಳು.

“ನಾಳೆ ಹೋಗಿ ಇಲ್ಲ ಅಂತೀನಿ.”

“ನನಗೋಸ್ಕರ ಯಾವುದನ್ನೂ ಬಿಡಬೇಡಿ. ಆಮೇಲೆ ಅದು ಮಾತಿಗೆ ಬರುತ್ತೆ.”

“ನಿಮಗೋಸ್ಕರ ಅಲ್ಲ. ಓಡಿಹೋಗೋಕೆ ಅಂತ ಒಪ್ಪಿದ್ದು ಅದು. ಈಗ ಓಡೋ ಕಾರಣ ಇಲ್ಲ.” ಚೆಲ್ಲಿದ ಮಣ್ಣನ್ನು ಅಂಗೈಯಲ್ಲಿ ಒಟ್ಟುಮಾಡಿದ. “ನಾನು ಬಂದು ಕೇಳಬೇಕಿತ್ತು. ಬಾಗಿಲು ತಟ್ಟಿ, ‘ನಿಜಾನಾ?’ ಅಂತ ಒಂದೇ ಒಂದು ಮಾತು.”

“ನಾನೂ ಕೇಳಬೇಕಿತ್ತು. ಕೋಪ ಮಾಡ್ಕೊಳ್ಳೋದು ಸುಲಭ ಅನ್ನಿಸ್ತು.”

ಇಬ್ಬರೂ ಕೆಲಸಕ್ಕಿಳಿದರು. ಅವಳು ಟೊಮೇಟೊ ಸಸಿಯೊಂದರ ಕೆಳಗಿನ ಎಲೆಗಳನ್ನು ಚಿವುಟಿ, ಕುತ್ತಿಗೆಯವರೆಗೂ ಮಣ್ಣಲ್ಲಿ ಹೂತಳು. ಅವನು ಬೆರಗಾಗಿ ನೋಡಿದ.

“ಉಸಿರು ಕಟ್ಟಲ್ವಾ?”

“ಟೊಮೇಟೊಗೆ ಹೂತಷ್ಟೂ ಒಳ್ಳೇದು. ಕಾಂಡದ ಉದ್ದಕ್ಕೂ ಬೇರು ಬಿಡುತ್ತೆ.”

ಅವನು ತಲೆಯಾಡಿಸಿದ. ತಾನೂ ಒಂದು ಸಸಿ ಎತ್ತಿಕೊಂಡ. ಕೆಳಗಿನ ಎಲೆಗಳನ್ನು ಅವಳಂತೆಯೇ ಚಿವುಟಿದ. ಬಹಳ ಶ್ರದ್ಧೆಯಿಂದ ಗುಳಿ ತೋಡಿ, ಸಸಿಯನ್ನು ಇಳಿಸಿ, ಕತ್ತಿನವರೆಗೂ ಮಣ್ಣು ಎಳೆಯತೊಡಗಿದ.

ಅವಳು ಕತ್ತು ಹೊರಳಿಸಿದವಳೇ ಹೌಹಾರಿದಳು.

“ಅಯ್ಯಯ್ಯೋ, ಅಷ್ಟು ಆಳಕ್ಕೆ ಹೂಳ್ಬೇಡ್ವೋ! ಕೊಳೆತುಹೋಗುತ್ತೆ! ಅದು ಮೆಣಸಿನಕಾಯಿ ಕಣೋ, ಟೊಮೇಟೊ ಅಲ್ಲ!”

ಅವನ ಕೈ ಮಣ್ಣಲ್ಲೇ ನಿಂತಿತು. ಅವಳ ಬಾಯಿ ತೆರೆದಂತೇ ಉಳಿಯಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಂತಿತು.

“ಏನಂದ್ರಿ?” ಎಂದ ಅವನು, ಬಹಳ ಮೆಲ್ಲಗೆ.

ಅವಳ ಕಿವಿಯವರೆಗೂ ಕೆಂಪೇರಿತು. ಆದರೆ ಗಲ್ಲ ಮುಂದೆ ಚಾಚಿ, ನೇರ ಅವನ ಕಣ್ಣನ್ನೇ ನೋಡಿದಳು.

“ಕಣೋ ಅಂದೆ. ಏನೀಗ?”

“ಏನಿಲ್ಲ...” ಅವನು ಸಸಿಯನ್ನು ಎಲೆ ಹಿಡಿದು ಮೇಲಕ್ಕೆತ್ತಿದ. ಕಣ್ಣಲ್ಲಿ ನಗು ತುಳುಕುತ್ತಿತ್ತು. “ಎಷ್ಟು ಆಳಕ್ಕೆ ಇಡ್ಬೇಕು, ಹೇಳೇ.”